ಈ ಬಾಯಿ ಯಾರದು?

ಫೆಬ್ರವರಿ 4

ಮೇಡಂ ಅವರಿಗೆ,

ಮೊದಲು ನಿನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀನು ಓದುವುದೇ ಇಲ್ಲ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ. ಕೆಮ್ಮು ಹೋಗಿದೆ. ನೀನು ಕಟ್ಟಿಕೊಟ್ಟ ದಪ್ಪ ಹೊದಿಕೆಯನ್ನೇ ಹೊದೆಯುತ್ತಿದ್ದೇನೆ, ನಿನ್ನಾಣೆ.

ಲ್ಯಾಬು ಎರಡನೆಯ ಮಹಡಿಯಲ್ಲಿದೆ. ಕೆಳಗೆ ಚಪ್ಪಲಿ ಅಂಗಡಿ, ಮಧ್ಯೆ ವಕೀಲರ ಕಚೇರಿ, ಮೇಲೆ ಹಲ್ಲಿನ ಸೆಟ್ ಮಾಡುವ ನಾವು. 'ಒಂದೇ ಮೆಟ್ಟಿಲು ಹತ್ತಿದ್ರೆ ಕಾಲಿಂದ ಬಾಯಿವರೆಗೂ ರಿಪೇರಿ' ಎನ್ನುತ್ತಾನೆ ಪಾಲಿಶ್ ಅಣ್ಣ. ಹಲ್ಲಿಗೆ ಕೊನೆಯಲ್ಲಿ ಹೊಳಪು ಕೊಡುವವನು ಅವನು, ಇಲ್ಲಿನ ಹಳಬ, ಬಾಯಿ ತೆರೆದರೆ ಮುಚ್ಚುವವನಲ್ಲ. ನನಗೆ ಕಿಟಕಿಯ ಪಕ್ಕದ ಮೇಜು ಸಿಕ್ಕಿದೆ. ಡಾಕ್ಟರುಗಳು ಕಳಿಸುವ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣದ ವಸಡು ಕಟ್ಟಿ ಹಲ್ಲು ಕೂರಿಸುವುದು ನನ್ನ ಪಾಲು. ಊರಿನಲ್ಲಿ ಮಾಡುತ್ತಿದ್ದ ಕೆಲಸವೇ. ಗುರುಗಳು ಕಲಿಸಿದ ಹಾಗೆ ಇಲ್ಲೂ ಮುಂದಿನ ಹಲ್ಲುಗಳಲ್ಲಿ ಒಂದನ್ನು ಕೂದಲೆಳೆಯಷ್ಟು ವಾರೆ ಮಾಡಿ ಕೂರಿಸುತ್ತೇನೆ. ಎಲ್ಲವೂ ಅಟೆನ್ಶನ್‌ನಲ್ಲಿ ನಿಂತರೆ ಕಟ್ಟಿಸಿದ ಹಲ್ಲು ಎಂದು ನಾಲ್ಕು ಮನೆ ಆಚೆಯವರಿಗೂ ಗೊತ್ತಾಗುತ್ತದೆ. ನನ್ನ ಮೊದಲ ಸೆಟ್ ನೋಡಿ ಯಜಮಾನರು 'ಕೈ ಚೆನ್ನಾಗಿದೆ' ಅಂದರು. ಹೆಚ್ಚು ಮಾತಿನವರಲ್ಲ.

ಆರು ತಿಂಗಳು ಟ್ರಯಲ್ ಎಂದು ಹೇಳಿದ್ದು ಬರೀ ಶಾಸ್ತ್ರಕ್ಕೆ ಇರಬೇಕು. ಊರಿನ ಲ್ಯಾಬು ಮುಚ್ಚಿದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದನಲ್ಲ ಒಬ್ಬ, ಅವನು ಈಗ ಇಲ್ಲ. ಆದ್ದರಿಂದ ಮಾತಾಡಿಕೊಂಡ ಹಾಗೆಯೇ ಮಾಡೋಣ. ಗುಬ್ಬಿಯ ಪರೀಕ್ಷೆ ಮುಗಿಯುತ್ತಿದ್ದಂತೆ ಅಮ್ಮನನ್ನೂ ಅವಳನ್ನೂ ಕರಕೊಂಡು, ಆಸ್ಪತ್ರೆಗೆ ಕೈ ಮುಗಿದು ಬಂದುಬಿಡು.

ಫೋನು ಮಾತ್ರ ಮಾಡಬೇಡ. ಅದು ಮನೆಯ ಮಾಲಕಿಯ ಊಟದ ಮೇಜಿನ ಪಕ್ಕದಲ್ಲಿದೆ. ನಾನು 'ಹೂಂ' ಅಂದರೂ ಮೂರು ಜನ ತಲೆ ಎತ್ತಿ ನೋಡುತ್ತಾರೆ.

ನಿನ್ನವನು


ಫೆಬ್ರವರಿ 9

ಗುಬ್ಬಿಯ ಅಪ್ಪನಿಗೆ,

ಪತ್ರ ಬಂತು. ಜೋರಾಗಿ ಓದಿದೆ. ಅತ್ತೆ ಎಲ್ಲ ಕೇಳಿ, 'ಊಟ ಸರಿಯಾಗಿ ಆಗ್ತಿದೆ ಅಂತ ಬರ್ದಿದ್ರೆ ಆಗ್ತಿಲ್ಲ ಅಂತ ಅರ್ಥ, ಅವನನ್ನ ಹೆತ್ತವಳು ನಾನು' ಅಂದರು. ನಾನು ನಿಮ್ಮ ಪರ ವಹಿಸಿದೆ. ಮರ್ಯಾದೆ ಉಳಿಸಿ.

ಈಗ ಲೆಕ್ಕ ಹೇಳುತ್ತೇನೆ, ಗಮನವಿಟ್ಟು ಓದಿ. ನಾನು ಆಸ್ಪತ್ರೆಗೆ ಒಂದು ತಿಂಗಳು ಮುಂಚೆ ರಾಜೀನಾಮೆ ಕೊಡಬೇಕು. ಮಾರ್ಚ್ ಒಂದಕ್ಕೆ ಕೊಟ್ಟರೆ ಮೂವತ್ತೊಂದಕ್ಕೆ ಬಿಡುಗಡೆ. ಗುಬ್ಬಿಯ ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ. ನೀವು ಅಷ್ಟರೊಳಗೆ ಎರಡು ಕೋಣೆಯ ಮನೆ ಹಿಡಿಯಬೇಕು, ಬಿಸಿಲು ಬರುವಂಥದ್ದು. ನಡೆದು ಹೋಗುವಷ್ಟು ಹತ್ತಿರ ಶಾಲೆ ಇರಬೇಕು.

ಹನ್ನೊಂದು ವರ್ಷದ ಪರ್ಮನೆಂಟ್ ಕೆಲಸ ರೀ. ಬಟ್ಟೆ ವಿಭಾಗಕ್ಕೆ ಸೇರಿದಾಗ ಬರೀ ಹೊದಿಕೆ ಮಡಿಸುತ್ತಿದ್ದೆ, ಈಗ ಹದಿನಾಲ್ಕು ಹೆಂಗಸರು ನನ್ನ ಮಾತು ಕೇಳುತ್ತಾರೆ. ಬಿಡುವುದು ಸುಲಭ ಅಂದುಕೊಳ್ಳಬೇಡಿ. ಆದರೆ ನೀವಿಲ್ಲದ ಮನೆಯೂ ಸುಲಭವಲ್ಲ. ಗುಬ್ಬಿ ನಿಮ್ಮ ಜಾಗದಲ್ಲಿ ದಿಂಬು ಇಟ್ಟು ಅದಕ್ಕೆ ಬೈಯುತ್ತಾಳೆ. ನಾನೂ ಒಮ್ಮೊಮ್ಮೆ ಬೈಯುತ್ತೇನೆ.

ಒಂದೇ ಒಂದು ಮಾತು ಸ್ಪಷ್ಟವಾಗಿ ಬರೆಯಿರಿ. ನಿಮ್ಮ ಕೆಲಸ ಗಟ್ಟಿ ತಾನೇ? ಗಟ್ಟಿ ಎಂದರೆ ಬಿಟ್ಟು ಬರುತ್ತೇನೆ.

ನಿಮ್ಮವಳು


ಫೆಬ್ರವರಿ 15

ಮೇಡಂ,

ಗಟ್ಟಿಯಲ್ಲ ಕಣೇ.

ನಿನ್ನ ಪತ್ರ ಬಂದ ದಿನವೇ ಗೊತ್ತಾಯಿತು, ನೋಡು ನನ್ನ ಅದೃಷ್ಟ. ಊಟದ ಹೊತ್ತಿಗೆ ಪಾಲಿಶ್ ಅಣ್ಣನಿಗೆ, ಮನೆಯವರನ್ನು ಕರೆಸಿಕೊಳ್ಳುತ್ತಿದ್ದೇನೆ ಎಂದು ಖುಷಿಯಿಂದ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿಬಿಟ್ಟ. 'ಅಲ್ಲಪ್ಪಾ, ನಿಂಗೆ ಯಾರೂ ಹೇಳಿಲ್ವಾ? ಯಜಮಾನರ ಅಳಿಯ ಹಲ್ಲಿನ ಕೆಲಸ ಕಲೀತಿದಾನೆ. ಮೇ ತಿಂಗಳಲ್ಲಿ ಬರ್ತಾನೆ. ಅಲ್ಲೀವರೆಗೂ ಕುರ್ಚಿ ತಣ್ಣಗಾಗದೆ ಇರ್ಲಿ ಅಂತ ನಿನ್ನ ಕೂರಿಸಿದಾರೆ' ಅಂದ. ನನಗಿಂತ ಮುಂಚೆ ಇಬ್ಬರು ಹೀಗೇ ಕೂತು ಎದ್ದು ಹೋಗಿದ್ದಾರಂತೆ.

ಸಂಜೆ ಧೈರ್ಯ ಮಾಡಿ ಯಜಮಾನರನ್ನೇ ಕೇಳಿದೆ. ಅವರು ಅಚ್ಚಿನ ಮೇಲಿನ ಧೂಳು ಊದುತ್ತಾ 'ನೋಡೋಣ' ಅಂದರು. ಆ 'ನೋಡೋಣ' ನನಗೆ ಚೆನ್ನಾಗಿ ಗೊತ್ತು. ಗುಬ್ಬಿ ಸೈಕಲ್ ಕೇಳಿದಾಗ ನಾನು ಹೇಳುವುದೂ ಅದೇ.

ಕೆಲಸ ಸಿಕ್ಕಿತು ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದು ಒಂದು ತಿಂಗಳಾಗಿಲ್ಲ, ಮತ್ತೆ ಕೆಲಸ ಹುಡುಕುತ್ತಿದ್ದೇನೆ ಎಂದು ನಿನಗೆ ಹೇಗೆ ಬರೆಯಲಿ? ಎಂಟು ತಿಂಗಳು ಮನೆಯಲ್ಲಿ ಕೂತಾಗ ನೀನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನೀನು ಏನೂ ಹೇಳದೆ ಬಡಿಸುತ್ತಿದ್ದೆಯಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದ ಇನ್ನೊಮ್ಮೆ ಆಗುವುದಿಲ್ಲ.

ಈ ಊರಿನಲ್ಲಿ ಲ್ಯಾಬುಗಳಿಗೆ ಬರವಿಲ್ಲ. ಸದ್ದಿಲ್ಲದೆ ಇನ್ನೊಂದು ಕಡೆ ಸೇರಿಬಿಟ್ಟರೆ ಈ ಸುದ್ದಿ ನಿನಗೆ ಮುಟ್ಟುವ ಅಗತ್ಯವೇ ಇಲ್ಲ. ಆದ್ದರಿಂದ ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಇನ್ನೊಂದು ಬರೆಯುತ್ತೇನೆ.


ಫೆಬ್ರವರಿ 15

ಮೇಡಂ ಅವರಿಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸದ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ.

ಮನೆಯದೇ ತಲೆನೋವು. ನೋಡಿದ ಕಡೆಯೆಲ್ಲ ಒಂದಿದ್ದರೆ ಒಂದಿಲ್ಲ. ಬಿಸಿಲು ಬರುವ ಮನೆಗೆ ನೀರು ಬರುವುದಿಲ್ಲ, ನೀರು ಬರುವ ಮನೆಗೆ ಕಿಟಕಿಯೇ ಇಲ್ಲ. ಅವಸರ ಬೇಡ ಎಂದು ಕಾಣುತ್ತದೆ. ಮಾರ್ಚ್ ಒಂದಕ್ಕೇ ರಾಜೀನಾಮೆ ಕೊಡಬೇಕೆಂದೇನಿಲ್ಲವಲ್ಲ, ಒಂದೆರಡು ತಿಂಗಳು ಮುಂದೆ ಹಾಕಿದರೆ ಹೇಗೆ? ಅಮ್ಮನಿಗೂ ಈ ಸೆಕೆ ಆಗಿಬರುವುದಿಲ್ಲ.

ಗುಬ್ಬಿಗೆ ಹೇಳು, ದಿಂಬಿಗೆ ಬೈಯುವಾಗ ನನ್ನ ಪೂರ್ತಿ ಹೆಸರು ಹಿಡಿದು ಬೈಯಬೇಡ ಅಂತ. ಅಕ್ಕಪಕ್ಕದವರಿಗೆ ಕೇಳಿಸುತ್ತದೆ.

ನಿನ್ನವನು


ಫೆಬ್ರವರಿ 20

ಗುಬ್ಬಿಯ ಅಪ್ಪನಿಗೆ,

ಕೆಲಸ ಗಟ್ಟಿಯೇ ಎಂದು ಕೇಳಿದ್ದೆ. ನೀವು ಕಿಟಕಿಯ ಕಥೆ ಬರೆದಿದ್ದೀರಿ.

ಜನ ತುಂಬಿ ತುಳುಕುವ ಊರಿನಲ್ಲಿ ಎರಡು ಕೋಣೆಯ ಮನೆ ಸಿಗುವುದಿಲ್ಲವೇ? ಅಲ್ಲಿರುವವರೆಲ್ಲ ಮರದ ಮೇಲೆ ಮಲಗುತ್ತಾರೆಯೇ? ಇನ್ನು ಅತ್ತೆಗೆ ಸೆಕೆ ಆಗುವುದಿಲ್ಲವಂತೆ! ಓದಿ ಹೇಳಿದಾಗ ಅವರು, 'ನಾನ್ಯಾವಾಗ ಅಂದೆ? ಚಳಿಗೇ ನಂಗೆ ಮಂಡಿ ನೋವು ಬರೋದು' ಅಂದರು. ನೆಪ ಹೇಳುವಾಗಲಾದರೂ ಅದರಲ್ಲಿ ಬರುವವರ ಒಪ್ಪಿಗೆ ಪಡೆಯಿರಿ.

ಹೋದ ತಿಂಗಳು ಹೊರಡುವಾಗ ರೈಲಿನ ಕಿಟಕಿಯಿಂದ ನನ್ನ ಕೈ ಬಿಡಲೇ ಇಲ್ಲ ನೀವು. ಎಲ್ಲರೂ ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು. ಅದೇ ಮನುಷ್ಯ ಈಗ ಒಂದೆರಡು ತಿಂಗಳು ಮುಂದೆ ಹಾಕು ಅನ್ನುತ್ತಾನೆ. ಹೀಗೇಕೆ ಎಂದು ಬಟ್ಟೆ ವಿಭಾಗದ ಹೆಂಗಸರು ಕೇಳುತ್ತಿದ್ದಾರೆ. ಅವರು ಕೇಳುವ ಧಾಟಿ ನನಗೆ ಹಿಡಿಸುತ್ತಿಲ್ಲ. ಅವರಿಗೆ ಏನು ಹೇಳಲಿ?

ಪತ್ರಕ್ಕೆ ಕಾಯುತ್ತೇನೆ. ಮಾರ್ಚ್ ಒಂದರವರೆಗೆ ಕಾಯುತ್ತೇನೆ.


ಫೆಬ್ರವರಿ 25

ಮೇಡಂ,

ಸಿಟ್ಟು ಮಾಡಿಕೊಳ್ಳಬೇಡ. ಭಾನುವಾರವೇ ಉತ್ತರ ಬರೆಯಬೇಕು ಎಂದಿದ್ದೆ, ಆಗಲಿಲ್ಲ. ಊರಿನ ಆ ತುದಿಯಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಅವರದು ಸ್ವಲ್ಪ ಕೈಕೆಲಸವಿತ್ತು. ಬರುವಷ್ಟರಲ್ಲಿ ಸಂಜೆಯಾಯಿತು. ಒಳ್ಳೆಯ ಹೆಂಗಸು, ಕಾಫಿ ಕೊಟ್ಟು ಉಪಚಾರ ಮಾಡಿದರು.

ನೀನು ಇದೊಂದು ಸಲ ನನ್ನ ಮಾತು ಕೇಳು. ರಾಜೀನಾಮೆ ಈಗ ಕೊಡಬೇಡ. ಯಾಕೆ ಅಂತ ಕೇಳಬೇಡ. ಎಲ್ಲವನ್ನೂ ಎದುರಿಗೆ ಕೂತು ಹೇಳುತ್ತೇನೆ. ಪತ್ರದಲ್ಲಿ ಬರೆದರೆ ಒಂದಕ್ಕೆ ಒಂದು ಅರ್ಥವಾಗುತ್ತದೆ.

ಬೇಗ ತಲುಪಲಿ ಎಂದು ಈಗಲೇ ಓಡಿ ಹೋಗಿ ಹಾಕುತ್ತೇನೆ.

ನಿನ್ನವನು


ಮಾರ್ಚ್ 2

ನಿಮ್ಮ ಪತ್ರ ಶುಕ್ರವಾರ ಬಂತು. ಯಾಕೆ ಅಂತ ಕೇಳಬೇಡ ಅಂದಿದ್ದೀರಿ. ಕೇಳಲಿಲ್ಲ. ನಿನ್ನೆ ಬೆಳಿಗ್ಗೆ ಹೋಗಿ ರಾಜೀನಾಮೆ ಕೊಟ್ಟು ಬಂದೆ.

ಸುಮ್ಮನೆ ಕೊಡಲಿಲ್ಲ. ಮೇಟ್ರನ್ ಕಾಗದ ತೆಗೆದುಕೊಂಡು 'ಏನಮ್ಮಾ, ಗಂಡ ಕರೆದ ತಕ್ಷಣ ಓಡ್ತಿದೀರಾ?' ಅಂದಳು. ಕರೆದ ಗಂಡ! ನನಗೆ ಎಲ್ಲಿತ್ತೋ ಸಿಟ್ಟು. ನಿಮಗೆ ಗೊತ್ತಲ್ಲ, ಹನ್ನೊಂದು ವರ್ಷದಿಂದ ಅವಳ ಮನೆಯ ಪರದೆ, ಮೇಜಿನ ಬಟ್ಟೆ ಎಲ್ಲ ರೋಗಿಗಳ ಹೊದಿಕೆಯ ಜೊತೆ ಸೇರಿ ನಮ್ಮಲ್ಲೇ ಒಗೆದು ಇಸ್ತ್ರಿಯಾಗಿ ಹೋಗುತ್ತಿತ್ತು. ನಾವೆಲ್ಲ ನೋಡಿಯೂ ನೋಡದವರ ಹಾಗೆ ಇದ್ದೆವು. ನಾನು ವರಾಂಡದಲ್ಲಿ, ನರ್ಸುಗಳು, ರೋಗಿಗಳ ಕಡೆಯವರು ಎಲ್ಲ ಕೇಳುವಂತೆ, 'ಇನ್ಮೇಲೆ ನಿಮ್ಮ ಪರದೆಗಳನ್ನ ನಿಮ್ಮನೇಲೇ ಒಗೆಸ್ಕೊಳ್ಳಿ ಮೇಡಂ, ನಿಮ್ಮ ಅಗಸಗಿತ್ತಿ ಹೊರಟ್ಳು' ಅಂದೆ. ಅವಳ ಮುಖ ಸುಣ್ಣದ ಗೋಡೆಯಾಯಿತು. ನಮ್ಮ ಹೆಂಗಸರು ಮಧ್ಯಾಹ್ನದವರೆಗೂ ನಕ್ಕರು. ನಾನೂ ನಕ್ಕೆ.

ಮೂವತ್ತೊಂದು ನನ್ನ ಕೊನೆಯ ದಿನ. ಏಪ್ರಿಲ್ ಮೂರರ ರೈಲಿಗೆ ಬರುತ್ತೇವೆ. ನಿಮಗೆ ಇಷ್ಟವಿರಲಿ ಬಿಡಲಿ, ನಿಲ್ದಾಣಕ್ಕೆ ಬನ್ನಿ. ಕಾಫಿ ಉಪಚಾರದವರಿಗೂ ತಿಳಿಸಿ, ಮನೆಯವರು ಬರುತ್ತಿದ್ದಾರೆ ಎಂದು.


ಮಾರ್ಚ್ 7

ಅಯ್ಯೋ, ಏನು ಮಾಡಿಕೊಂಡೆಯೇ.

ಇದನ್ನೂ ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದೆ ಇದ್ದರೆ ಎದೆ ಒಡೆದುಹೋಗುತ್ತದೆ.

ಮೂರು ವಾರದಿಂದ ಈ ಊರಿನ ಲ್ಯಾಬುಗಳ ಮೆಟ್ಟಿಲು ಸವೆಸುತ್ತಿದ್ದೇನೆ. ಒಬ್ಬರು ಜನ ಬೇಡ ಅಂದರು. ಒಬ್ಬರು ನನ್ನ ತಲೆಗೂದಲು ನೋಡಿ 'ಇನ್ನೂ ಚಿಕ್ಕವರು ಬೇಕಿತ್ತು' ಅಂದರು. ಇನ್ನೊಬ್ಬರು, 'ಸೇರಿ ತಿಂಗಳಾಗಿಲ್ಲ, ಆಗ್ಲೇ ಬಿಡ್ತಿದೀರಾ? ನಮ್ಮನ್ನೂ ಹಿಂಗೇ ಬಿಡ್ತೀರಿ' ಎಂದು ಬಾಗಿಲು ತೋರಿಸಿದರು. ಇದಕ್ಕೆಲ್ಲ ರಜೆ ಕೇಳುವುದೂ ಒಂದು ಪಾಡು. ಹಲ್ಲುನೋವು ಎನ್ನುವಂತಿಲ್ಲ. ಅಂದರೆ ಲ್ಯಾಬಿನವರೆಲ್ಲ ಬಾಯಿ ತೆರೆಸಿ ಇಣುಕುತ್ತಾರೆ.

ನೀನು ಏನೇನೋ ಅಂದುಕೊಂಡಿರುವ ಆ 'ಒಳ್ಳೆಯ ಹೆಂಗಸು' ಊರಿನ ಆ ತುದಿಯಲ್ಲಿ ಲ್ಯಾಬು ನಡೆಸುವವರು. ಅರವತ್ತು ದಾಟಿದೆ. ಎಲ್ಲರೂ ಅವರನ್ನು ಟೀಚರ್ ಅನ್ನುತ್ತಾರೆ, ಹಿಂದೆ ಶಾಲೆಯಲ್ಲಿದ್ದರಂತೆ. ನಮ್ಮ ಕಸುಬಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಅಚ್ಚು ಕೊಟ್ಟು 'ಒಂದು ಸೆಟ್ ಕೂರಿಸಿ ತನ್ನಿ' ಅನ್ನುತ್ತಾರೆ, ಅದೇ ಪರೀಕ್ಷೆ. ಅವರೂ ಮೇಲಿನ ದವಡೆ, ಕೆಳಗಿನ ದವಡೆ ಎರಡರ ಅಚ್ಚು ಕೊಟ್ಟರು. 'ಮನೆಗೆ ತಗೊಂಡು ಹೋಗಿ, ಅವಸರ ಇಲ್ಲ' ಅಂದರು. ನಾನು ಬೆಳಿಗ್ಗೆ ಬೇಗ ಎದ್ದು, ಕೋಣೆಯ ಕಿಟಕಿಯ ಹತ್ತಿರ ಕೂತು, ಜೀವಮಾನದಲ್ಲೇ ಮಾಡದಷ್ಟು ಚೆನ್ನಾಗಿ ಮಾಡಿದೆ. ವಯಸ್ಸಾದ ಗಂಡಸಿನ ದವಡೆ ಅದು, ಎಡಗಡೆ ಹೆಚ್ಚು ಸವೆದಿತ್ತು. ಒಂದು ಮುಂದಿನ ಹಲ್ಲನ್ನು ವಾರೆ ಮಾಡಿ, ಕೋರೆ ಹಲ್ಲಿನ ತುದಿ ಸ್ವಲ್ಪ ಉಜ್ಜಿ ಕೂರಿಸಿದಾಗ, ಮೇಣ ನಕ್ಕ ಹಾಗೆ ಕಂಡಿತು. ನೀನಿದ್ದಿದ್ದರೆ ಹೆದರುತ್ತಿದ್ದೆ.

ಟೀಚರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. 'ತುಂಬ ಚೆನ್ನಾಗಿದೆ. ಒಂದು ವಾರದಲ್ಲಿ ಹೇಳ್ತೀನಿ' ಅಂದರು. ಆ ಕೆಲಸ ಸಿಕ್ಕೇ ಸಿಗುತ್ತದೆ. ಸಿಕ್ಕಿಬಿಟ್ಟರೆ ನೀನು ರಾಜೀನಾಮೆ ಕೊಟ್ಟಿದ್ದೂ ಸರಿಯೇ ಆಗುತ್ತದೆ. ಅದಕ್ಕೇ ಇನ್ನೊಂದು ವಾರ ಸುಮ್ಮನಿರುತ್ತೇನೆ. ದೇವರೇ, ಒಂದು ವಾರ.


ಮಾರ್ಚ್ 7

ಮೇಡಂ,

ಕೊಟ್ಟಿದ್ದು ಒಳ್ಳೆಯದೇ ಆಯಿತು. ಮೇಟ್ರನ್ ಕಥೆ ಓದಿ ನಕ್ಕೂ ನಕ್ಕೂ ಸಾಕಾಯಿತು. ಮನೆ ಒಂದು ಸಿಗುವ ಹಾಗಿದೆ. ನಿಲ್ದಾಣಕ್ಕೆ ಬರುತ್ತೇನೆ.

ಕಾಫಿ ಕೊಟ್ಟವರಿಗೆ ಅರವತ್ತು ದಾಟಿದೆ, ಮಾರಾಯ್ತಿ.

ನಿನ್ನವನು


ಮಾರ್ಚ್ 13

ನನ್ನವರಿಗೆ,

ಅರವತ್ತು ದಾಟಿದೆ ಎಂದು ಮೊದಲೇ ಬರೆಯಬಾರದಿತ್ತೇ? ಅದನ್ನು ಓದಿ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನಿಮ್ಮಮ್ಮ ಹೊರಗಿನಿಂದ 'ಈರುಳ್ಳಿನೇನಮ್ಮಾ?' ಎಂದು ಕೇಳಿದರು. ಹೂಂ ಅಂದೆ. ಅವರು ನಂಬಲಿಲ್ಲ.

ನಿಮಗೆ ಹೇಳಬೇಕಾದ್ದು ಒಂದಿದೆ, ಬಂದ ಮೇಲೆ ಹೇಳುತ್ತೇನೆ. ಪಾತ್ರೆಗಳನ್ನು ಅರ್ಧ ಕಟ್ಟಿ ಆಯಿತು. ದೊಡ್ಡ ಬೀರುವನ್ನು ಎದುರು ಮನೆಯವರಿಗೆ ಕೊಟ್ಟೆ. ಗುಬ್ಬಿ ಶಾಲೆಯಲ್ಲಿ ಎಲ್ಲರಿಗೂ ಟಾಟಾ ಹೇಳಿ ಬಂದಿದ್ದಾಳೆ, ಪರೀಕ್ಷೆಗೆ ಮುಂಚೆಯೇ. ಮನೆ ಗೊತ್ತಾದ ತಕ್ಷಣ ಬರೆಯಿರಿ. ಕಿಟಕಿ ಇಲ್ಲದಿದ್ದರೂ ನಡೆಯುತ್ತದೆ.

ನಿಮ್ಮವಳು


ಮಾರ್ಚ್ 27

ಮೇಡಂ,

ಇದನ್ನು ತುರ್ತು ಅಂಚೆಯಲ್ಲಿ ನಿನ್ನ ಬಟ್ಟೆ ವಿಭಾಗದ ವಿಳಾಸಕ್ಕೇ ಹಾಕುತ್ತಿದ್ದೇನೆ. ಮೂವತ್ತೊಂದರ ಸಂಜೆಯೊಳಗೆ ನಿನಗೆ ಸಿಗಬೇಕು. ಸಿಕ್ಕಿದ ಕೂಡಲೇ ರಾಜೀನಾಮೆ ವಾಪಸು ತಗೋ. ಮೊದಲು ಅದನ್ನು ಮಾಡು, ಆಮೇಲೆ ಮುಂದೆ ಓದು.

ನನಗೆ ಕೆಲಸವಿಲ್ಲ. ನಿನ್ನೆ ತೆಗೆದುಹಾಕಿದರು.

ಈ ಕೆಲಸ ಗಟ್ಟಿಯಲ್ಲ ಎಂದು ಫೆಬ್ರವರಿಯಲ್ಲೇ ನನಗೆ ಗೊತ್ತಿತ್ತು. ಯಜಮಾನರ ಅಳಿಯ ಬರುವವರೆಗೆ ಮಾತ್ರ ನನ್ನನ್ನು ಇಟ್ಟುಕೊಂಡಿದ್ದರು. ನಿನಗೆ ಎರಡು ಸಲ ಎಲ್ಲವನ್ನೂ ಬರೆದೆ, ಎರಡು ಸಲವೂ ಹಾಕಲಿಲ್ಲ. ಆ ಕಾಗದಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ಕಾಫಿ ಕೊಟ್ಟ ಹೆಂಗಸಿನ ವಿಷಯ ಅದರಲ್ಲಿದೆ. ಅವರ ಲ್ಯಾಬಿಗೆ ಸೇರಲು ಪರೀಕ್ಷೆಯ ಸೆಟ್ ಮಾಡಿಕೊಟ್ಟು ಕಾಯುತ್ತಿದ್ದೆ. ವಾರ ಎಂದಿದ್ದವರು ಮೂರು ವಾರವಾದರೂ ಮಾತಿಲ್ಲ.

ನಿನ್ನೆ ಒಬ್ಬ ಡಾಕ್ಟರು ನಮ್ಮ ಲ್ಯಾಬಿಗೆ ಬಂದರು. ನಮಗೂ ಕೆಲಸ ಕೊಡುತ್ತಾರೆ, ಟೀಚರಿಗೂ ಕೊಡುತ್ತಾರೆ. ಪಾಪ, ಹೊಗಳಲೆಂದೇ ಬಂದರು. 'ಏನ್ರೀ, ನಿಮ್ಮ ಹೊಸಬರು ಟೀಚರ್ ಹತ್ರನೂ ಕೆಲಸ ಮಾಡ್ತಾರಾ? ಹೋದ ವಾರ ಅಲ್ಲಿಂದ ಒಂದು ಸೆಟ್ ಬಂತು. ಅದೇ ವಾರೆ ಹಲ್ಲು! ನೋಡಿದ ತಕ್ಷಣ ಇವರ ಕೈ ಅಂತ ಗೊತ್ತಾಯ್ತು. ನಮ್ಮ ಪೇಶೆಂಟ್ ಕನ್ನಡಿ ಬಿಡ್ತಾನೇ ಇಲ್ಲ' ಅಂದರು, ಯಜಮಾನರ ಎದುರಿಗೇ.

ಅರ್ಥವಾಯಿತೇ? ಟೀಚರ್ ಕೊಟ್ಟಿದ್ದು ಪರೀಕ್ಷೆಯ ಅಚ್ಚಲ್ಲ. ಅದು ನಿಜವಾದ ಒಬ್ಬ ಮನುಷ್ಯನ ಬಾಯಿ. ಕೆಲಸ ಕೊಡುವ ಮನಸ್ಸೇ ಅವರಿಗಿರಲಿಲ್ಲ. ತಿಂಗಳಿಗೊಬ್ಬನಿಗೆ ಪರೀಕ್ಷೆ ಎಂದು ಅಚ್ಚು ಕೊಡುತ್ತಾರಂತೆ, ಬಂದ ಸೆಟ್ಟನ್ನು ಡಾಕ್ಟರಿಗೆ ಕಳಿಸುತ್ತಾರಂತೆ. ಪಾಲಿಶ್ ಅಣ್ಣ ತಲೆ ಚಚ್ಚಿಕೊಂಡ. 'ಹೋಗೋಕೆ ಮುಂಚೆ ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲೋ!' ಅಂದ. ಅವನಿಗೂ ಹೇಳಿರಲಿಲ್ಲ ನಾನು.

ಯಜಮಾನರು ಕೂಗಾಡಲಿಲ್ಲ. 'ನಮ್ಮ ಮೇಣ, ನಮ್ಮ ಹಲ್ಲು ತಗೊಂಡು ಹೊರಗಡೆ ಕೆಲಸ ಮಾಡೋರು ನಮಗೆ ಬೇಡ' ಅಂದರು. ಮೇಣವೂ ಹಲ್ಲೂ ನಾನೇ ಕೊಂಡಿದ್ದು ಎಂದು ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಅವರಿಗೆ ನೆಪ ಬೇಕಿತ್ತು, ನಾನೇ ಹೋಗಿ ಕೈಗೆ ಕೊಟ್ಟೆ.

ಬೈಯಿ. ಎಷ್ಟು ಬೇಕಾದರೂ ಬೈಯಿ. ಆದರೆ ಮೊದಲು ಕೆಲಸ ಉಳಿಸಿಕೋ.


ಏಪ್ರಿಲ್ 2

ನಿಮ್ಮ ಕಾಗದ ಮೂವತ್ತೊಂದರ ಮಧ್ಯಾಹ್ನ ಬಂತು.

ನಮ್ಮ ಹೆಂಗಸರು ನನ್ನನ್ನು ಬೀಳ್ಕೊಡಲು ಇಸ್ತ್ರಿ ಯಂತ್ರಗಳನ್ನೆಲ್ಲ ನಿಲ್ಲಿಸಿ ಕುರ್ಚಿ ಹಾಕಿದ್ದರು. ಎಲ್ಲರೂ ಸೇರಿ ಒಂದು ಹೊಸ ಸೂಟ್‌ಕೇಸ್ ಕೊಟ್ಟರು, ನೀಲಿ ಬಣ್ಣದ್ದು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆಯೇ ನಿಮ್ಮ ಪತ್ರ ಬಿಡಿಸಿ ಓದಿದೆ. ಒಬ್ಬಳು 'ಯಜಮಾನ್ರು ಅವಸರ ಮಾಡ್ತಿದಾರಾ ಅಕ್ಕಾ?' ಅಂದಳು. ಎಲ್ಲರೂ ನಕ್ಕರು. ನಾನು ಎದ್ದೆ. ಸೂಟ್‌ಕೇಸ್ ಎಲ್ಲಿ ಇಡಬೇಕೋ ತೋಚಲಿಲ್ಲ, ಅದನ್ನು ಹಿಡಿದುಕೊಂಡೇ ಮೇಟ್ರನ್ ಕೋಣೆಗೆ ಹೋದೆ.

ಅವಳು ಕೂರಲು ಹೇಳಲಿಲ್ಲ. ರಾಜೀನಾಮೆ ವಾಪಸು ಬೇಕು ಎಂದು ಕೇಳಿದೆ. 'ವರಾಂಡದಲ್ಲಿ ಯಾರೋ ಏನೋ ಕೂಗಿದ್ರಲ್ಲ, ನೀವೇ ಅಲ್ವಾ?' ಅಂದಳು. ನಾನೇ ಅಂದೆ. 'ಏನಂದಿದ್ರಿ? ನಂಗೆ ಸರಿಯಾಗಿ ನೆನಪಿಲ್ಲ, ಇನ್ನೊಂದ್ಸಲ ಹೇಳಿ' ಅಂದಳು. ನನ್ನಿಂದ ಇನ್ನೊಂದು ಸಲ ಹೇಳಿಸಿದಳು ರೀ, ಆ ಒಂದೊಂದು ಮಾತನ್ನೂ, ಮೆಲ್ಲಗೆ, ಗುಮಾಸ್ತನ ಎದುರಿಗೆ. ಆಮೇಲೆ ತಪ್ಪಾಯಿತು ಎಂದು ಹೇಳಿಸಿದಳು. ಹೇಳಿದೆ. ಕೈ ಮುಗಿ ಎಂದು ಅವಳೇನೂ ಅನ್ನಲಿಲ್ಲ, ನನ್ನ ಕೈ ತಾನಾಗಿಯೇ ಮುಗಿಯಿತು.

ಪರ್ಮನೆಂಟ್ ಜಾಗಕ್ಕೆ ಬೇರೆಯವರ ಆರ್ಡರ್ ಆಗಿಹೋಗಿದೆಯಂತೆ. ದಿನಗೂಲಿಗೆ ಬೇಕಾದರೆ ಬಾ ಅಂದಳು, ಮಡಿಸುವ ವಿಭಾಗಕ್ಕೆ. ಹನ್ನೊಂದು ವರ್ಷದ ಹಿಂದೆ ಸೇರಿದ್ದೆನಲ್ಲ, ಅಲ್ಲಿಗೇ. ನಾಳೆ ಬೇಡ ಅಂದರೆ ನಾಳೆ ಇಲ್ಲ. ಒಪ್ಪಿಕೊಂಡೆ. ನಿನ್ನೆ ಬೆಳಿಗ್ಗೆ ಹೋದಾಗ ನನ್ನ ಮೇಜಿನ ಮೇಲೆ ಮೊದಲ ಗಂಟು ಯಾವುದಿತ್ತು ಗೊತ್ತೇ? ಅವಳ ಪರದೆಗಳು. ಮಡಿಸಿದೆ. ಅಂಚಿಗೆ ಅಂಚು ಕೂಡಿಸಿ ಮಡಿಸಿದೆ.

ಈಗ ಕೇಳಿ. ಕೆಲಸ ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಕೆಲಸ ಯಾರದು ಹೋಗುವುದಿಲ್ಲ? ಎಂಟು ತಿಂಗಳು ನಾನು ಏನೂ ಹೇಳದೆ ಬಡಿಸಿದೆ ಎಂದು ಬರೆದಿದ್ದೀರಿ. ಬೇಸರಕ್ಕೆ ಸುಮ್ಮನಿದ್ದೆ ಅಂದುಕೊಂಡಿರಾ? ಏನು ಮಾತಾಡಿದರೆ ನಿಮಗೆ ನೋವಾಗುತ್ತದೋ ಎಂದು ಹೆದರಿ ಸುಮ್ಮನಿದ್ದೆ. ಇಷ್ಟು ವರ್ಷ ಒಟ್ಟಿಗಿದ್ದು ಇಬ್ಬರಿಗೂ ಇಷ್ಟು ಗೊತ್ತಾಗಲಿಲ್ಲ.

ಸಿಟ್ಟು ಬೇರೆಯದಕ್ಕೆ. ಯಾಕೆ ಅಂತ ಕೇಳಬೇಡ ಅಂದಿರಲ್ಲ, ಅವತ್ತಿನಿಂದ ನಾನು ಒಬ್ಬ ಹೆಂಗಸಿನ ಜೊತೆ ಬದುಕುತ್ತಿದ್ದೆ. ಅವಳಿಗೆ ನಾನೇ ಮುಖ ಕೊಟ್ಟೆ, ನಗು ಕೊಟ್ಟೆ. ಅವಳು ನಿಮಗೆ ಕಾಫಿ ಕೊಡುತ್ತಿದ್ದಳು. ನಮ್ಮ ಪಾಲಿನ ಬಿಸಿಲು ಬರುವ ಮನೆಯಲ್ಲಿ ಅವಳೇ ಇದ್ದಳು. ಬಂದ ಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಇದೇ ಅದು. ಮಾರ್ಚ್ ಒಂದಕ್ಕೆ ರಾಜೀನಾಮೆ ಕೊಟ್ಟಿದ್ದು ನಿಮ್ಮನ್ನು ನಂಬಿ ಅಲ್ಲ. ಅವಳನ್ನು ಓಡಿಸಲು. ಕೆಲಸ ಗಟ್ಟಿಯಿಲ್ಲ ಎಂದು ಒಂದು ಸಾಲು ಬರೆದಿದ್ದರೆ ನಾನು ಇವತ್ತು ಹದಿನಾಲ್ಕು ಜನರ ಮುಂದೆ ನಿಂತಿರುತ್ತಿದ್ದೆ. ಅವರ ಸಾಲಿನ ಕೊನೆಯಲ್ಲಿ ಅಲ್ಲ.

ಅತ್ತೆಗೆ ಎಲ್ಲ ಹೇಳಿದ್ದೇನೆ. ಅವರು ಎರಡು ಹೊತ್ತು ಊಟ ಮಾಡಲಿಲ್ಲ. ಗುಬ್ಬಿಗೆ ರೈಲು ತಡವಾಗಿದೆ ಎಂದು ಹೇಳಿದ್ದೇನೆ.


ಏಪ್ರಿಲ್ 9

ಮೇಡಂ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ, ಬರೆದರೆ ಹಗುರವಾಗುವುದು ನನಗೆ ಮಾತ್ರ. ಆದದ್ದನ್ನು ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಇನ್ನೊಂದು ಲ್ಯಾಬಿಗೆ ಹೋಗಿದ್ದೆ. ಪಾಲಿಶ್ ಅಣ್ಣ ವಿಳಾಸ ಕೊಟ್ಟ. ಈ ಸಲ ಅವನನ್ನು ಕೇಳಿಯೇ ಹೋದೆ. ಬೇಕರಿಯ ಹಿಂದೆ, ಮೆಟ್ಟಿಲ ಕೆಳಗೆ ಒಂದೇ ಕೋಣೆ. ಮುರಿದ ಸೆಟ್ ರಿಪೇರಿಯೇ ಹೆಚ್ಚು. ಮಾಲೀಕ ನನ್ನ ವಯಸ್ಸಿನವನು, ಗುಂಡಗೆ ಇದ್ದಾನೆ. ಅವನೂ ಅಚ್ಚು ತೆಗೆದು ಮುಂದಿಟ್ಟು 'ಒಂದು ಸೆಟ್ ಕೂರಿಸಿ' ಅಂದ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. 'ಮೊದ್ಲು ಈ ಬಾಯಿ ಯಾರದು ಹೇಳಿ' ಅಂದೆ. ದನಿ ಸ್ವಲ್ಪ ಜೋರಾಯಿತು. ಅವನು ನನ್ನ ಮುಖ ನೋಡಿ, 'ಟೀಚರ್ ಹತ್ರ ಹೋಗಿದ್ರಾ?' ಎಂದು ಕೇಳಿದ. ತಲೆಯಾಡಿಸಿದೆ. 'ಇದು ನಮ್ಮಪ್ಪಂದು ರೀ. ಅವರು ಹೋಗಿ ಆರು ವರ್ಷ ಆಯ್ತು. ಕೆಲಸ ಕೇಳ್ಕೊಂಡು ಬಂದೋರೆಲ್ಲ ಅವರಿಗೇ ಹಲ್ಲು ಮಾಡೋದು. ಬದುಕಿದ್ದಾಗ ಒಂದೂ ಇರ್ಲಿಲ್ಲ, ಈಗ ನೋಡಿ' ಎಂದು ಕಪಾಟು ತೆಗೆದ. ಒಳಗೆ ಸಾಲಾಗಿ ಮೇಣದ ಸೆಟ್ಟುಗಳು, ಎಲ್ಲವೂ ಒಬ್ಬನೇ ಮನುಷ್ಯನವು. ನನಗೆ ನಗು ಬಂತು. ಎಷ್ಟು ದಿನವಾಗಿತ್ತೋ.

ಅಲ್ಲೇ ಕೂತು ಮಧ್ಯಾಹ್ನದವರೆಗೆ ಮಾಡಿದೆ. ವಾರೆ ಹಲ್ಲು ನೋಡಿ ಅವನು ಸೆಟ್ಟನ್ನು ದೀಪದ ಹತ್ತಿರ ಹಿಡಿದ. 'ನಮ್ಮಪ್ಪ ಹಿಂಗೇ ನಗ್ತಿದ್ದಿದ್ದು' ಅಂದ. ನಾಳೆಯೇ ಬಾ ಎಂದಿದ್ದಾನೆ. ಪರ್ಮನೆಂಟ್ ಅಲ್ಲ. ಮೂರು ತಿಂಗಳು ಟ್ರಯಲ್, ರಿಪೇರಿ ಕಡಿಮೆಯಾದರೆ ಅಷ್ಟೂ ಇಲ್ಲ. ಅವನೇ ಬಾಯಿಬಿಟ್ಟು ಹೇಳಿದ. ಹಿಂದಿನ ಕಡೆಗಿಂತ ಸಂಬಳ ಕಡಿಮೆ. ಕೋಣೆಗೆ ಬಿಸಿಲು ಬರುವುದಿಲ್ಲ. ಇದಿಷ್ಟು ನಿಜ, ಇದಕ್ಕಿಂತ ಚೆನ್ನಾಗಿಲ್ಲ.

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ. ಅವನಿಗೆ ಆಶ್ಚರ್ಯವಾಯಿತು, 'ಸರಿ, ಕೇಳಿ' ಅಂದ. ಅದಕ್ಕೇ ಕೇಳುತ್ತಿದ್ದೇನೆ. ಸೇರಲೇ? ಅಥವಾ ಊರಿಗೆ ಬರಲೇ? ನೀನು ಹೇಳಿದಂತೆ ಮಾಡುತ್ತೇನೆ.


ಏಪ್ರಿಲ್ 13

ಸೇರಿ.

ಸಿಟ್ಟು ಹೋಗಿಲ್ಲ. ಅದು ಹೋದಾಗ ನಾನೇ ಬರೆಯುತ್ತೇನೆ.

ಶನಿವಾರದ ರೈಲಿಗೆ ಗುಬ್ಬಿಯನ್ನೂ ಕರಕೊಂಡು ಬರುತ್ತಿದ್ದೇನೆ. ಆ ಮೆಟ್ಟಿಲ ಕೆಳಗಿನ ಕೋಣೆ, ಗುಂಡಗಿನ ಮಾಲೀಕ, ಅವರಪ್ಪನ ಹಲ್ಲುಗಳು, ನಿಮ್ಮ ಹಾಸಿಗೆ, ನೀವು ತಿನ್ನುವ ಊಟ, ಎಲ್ಲವನ್ನೂ ನನ್ನ ಕಣ್ಣಿನಿಂದ ನೋಡಬೇಕು. ನೋಡಿ, ಸೋಮವಾರ ಸಂಜೆಯ ಗಾಡಿಗೆ ಹೊರಡುತ್ತೇನೆ. ರಜೆ ಹೇಗೆ ಸಿಕ್ಕಿತು ಎಂದು ಕೇಳಬೇಡಿ. ದಿನಗೂಲಿಯವಳು ನಾನು, ರಜೆಗೆ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ.